ಹೊರದೇಶದ ಮಿಷನ್‌ನಲ್ಲಿದ್ದ ಸಿಸ್ಟರ್ ಕಂಡ ಜನರನ್ನು ಬರೆದಿಡೋದು ಹೇಗೆ?

ಸಕಲೇಶಪುರ ಘಾಟಿ
ಎಲ್ಲರಿಗೂ ನಮಸ್ಕಾರ. ನಮ್ಮ ಧರ್ಮಕೇಂದ್ರದ ಹಿರಿಯ ಸಿಸ್ಟರ್ ಒಬ್ಬರು ತಾಂಜಾನಿಯಾದಲ್ಲಿ ನರ್ಸ್ ಆಗಿ ಬಹಳ ವರ್ಷ ಇದ್ದು, ಈಗ ಇಲ್ಲೇ ಕನ್ಯಾಮಠದಲ್ಲಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಯುವಕ ಸಂಘದಿಂದ ಪುಸ್ತಿಕೆ ತರೋ ಯೋಚನೆ ಇದೆ. ಸಿಸ್ಟರ್ ಜೀವನಚರಿತ್ರೆ ಅಲ್ಲ, ಅವರು ಅಲ್ಲಿ ಕಂಡ ಜನರ ಬಗ್ಗೆ. ಇರೋ ಸಾಮಗ್ರಿ: ಎರಡು ಅಂಟು ಆಲ್ಬಂ, ಬಿಸ್ಕತ್ ಡಬ್ಬಿ ತುಂಬಾ ಏರೋಗ್ರಾಮ್ (ಮಡಚಿ ಅಂಟಿಸಿ ಕಳಿಸೋ ವಿಮಾನದಂಚೆ) ಕಾಗದ, ಒಂದಿಷ್ಟು ಸ್ಲೈಡು, ಕ್ಯಾಸೆಟ್ಟು. "ಮರೆಯಲಾಗದವರು ಯಾರು ಸಿಸ್ಟರ್" ಅಂದ್ರೆ "ಎಲ್ರೂ ಒಳ್ಳೆಯವರೇ ಕಣಪ್ಪ" ಅಂತಾರೆ, ಮಾತು ಅಲ್ಲಿಗೇ ಮುಗೀತು. ಎಲ್ಲಿಂದ ಶುರು ಮಾಡೋದು?

ರೈಲುಗೇಟು ಹಾಸನ
ಆ ಪ್ರಶ್ನೆ ಕೇಳೋದು ಬಿಡಿ ಸರ್. ಅದಕ್ಕೆ ಬರೋ ಉತ್ತರ ಯಾವಾಗಲೂ ಬಿಷಪ್ಪು, ಮದರ್ ಜನರಲ್ಲು, ಹೆಚ್ಚೆಂದರೆ ಒಬ್ಬ ಮಂತ್ರಿ. ಕೆಲಸ ಹಿಡ್ಕೊಂಡು ಕೇಳಿ. ಬೆಳಗ್ಗೆ ಡಿಸ್ಪೆನ್ಸರಿ ಬಾಗಿಲು ತೆಗೀತಿದ್ದೋರು ಯಾರು? ನೀರು ಎಷ್ಟು ದೂರದಿಂದ, ಹೊತ್ತು ತರ್ತಿದ್ದೋರು ಯಾರು? ಭಾಷೆ ಬಾರದ ಮೊದಲ ದಿನಗಳಲ್ಲಿ ರೋಗಿ ಹೇಳಿದ್ದನ್ನ ನಿಮಗೆ ತಿಳಿಸ್ತಿದ್ದೋರು? ನಡುರಾತ್ರಿ ಕಷ್ಟದ ಹೆರಿಗೆ ಬಂದರೆ ಗಾಡಿ ಓಡಿಸ್ತಿದ್ದೋರು? ಗಾಡಿ ಕೆಸರಲ್ಲಿ ಹೂತರೆ ಯಾರ ಮನೆಯವರನ್ನ ಕೂಗ್ತಿದ್ರಿ? ಉಪ್ಪು, ಸೀಮೆಎಣ್ಣೆ ಸಾಲ ಕೊಡ್ತಿದ್ದ ಅಂಗಡಿ ಯಾರದು? (ಗುಜರಾತಿನಿಂದ ಹೋದ ಮನೆತನದ್ದೇ ಇರಬಹುದು, ಆ ದೇಶದಲ್ಲಿ ಅಂಥ ಅಂಗಡಿಗಳು ಬಹಳ.)

ಇದಕ್ಕಿಂತ ಚೆನ್ನಾಗಿ ಕೆಲಸ ಮಾಡೋದು ನಕ್ಷೆ. ಎ3 ಹಾಳೆ, ದಪ್ಪ ಸ್ಕೆಚ್ ಪೆನ್ನು ಕೊಟ್ಟು ಮಿಷನ್ ಕಾಂಪೌಂಡ್ ಬರೆಯೋಕೆ ಹೇಳಿ. ಚರ್ಚು, ಬಾವಿ, ಅಡುಗೆಮನೆ, ಹೆರಿಗೆ ಕೋಣೆ, ಗೇಟು. ಅಳತೆ ತಪ್ಪಿದರೂ ಪರವಾಗಿಲ್ಲ. ಬರೆದಾದ ಮೇಲೆ ಒಂದೊಂದು ಚೌಕದ ಮೇಲೂ ಬೆರಳಿಟ್ಟು "ಇಲ್ಲಿ ಯಾರಿರ್ತಿದ್ರು" ಅನ್ನಿ. ಕೈ ಬಾವಿಯಿಂದ ಅಡುಗೆಮನೆಗೆ ಹೋಗೋ ಹೊತ್ತಿಗೆ ಹೆಸರು ತಾನಾಗೇ ಉದುರುತ್ತೆ. ಪೋಸ್ಟಿಂಗ್ ಬದಲಾದಂಗೆಲ್ಲ ಬೇರೆ ಹಾಳೆ. ಇಸವಿ ಪ್ರಕಾರ ಹೋಗಬೇಡಿ. ಇಸವಿ ಕೇಳಿದರೆ ಅವರು ಲೆಕ್ಕ ಹಾಕೋಕೆ ಕೂರ್ತಾರೆ, ನೆನಪು ಹಿಂದೆ ಸರಿಯುತ್ತೆ.

ಒಂದು ಹೆಸರು ಸಿಕ್ಕಿದ ಕೂಡಲೇ ಯಾವ ಊರು, ಏನು ಕೆಲಸ, ಕೊನೆಗೆ ನೋಡಿದ್ದು ಎಲ್ಲಿ, ಇಷ್ಟು ಬರೆದುಕೊಳ್ಳಿ. ಜೊತೆಗೆ "ಅವರ ಹತ್ತಿರ ಯಾವತ್ತಾದ್ರೂ ಜಗಳ ಆಡಿದ್ರಾ ಸಿಸ್ಟರ್" ಅಂತ ಕೇಳಿ. ಈ ಕೊನೇದು ಬಿಟ್ಟರೆ ಬರೀ ಶ್ರದ್ಧಾಂಜಲಿ ಸಿಗುತ್ತೆ.

ಜಪಸರ
ಜಗಳ ಯಾಕೆ ಬೇಕು? ದೇವರ ಸೇವೆಗೆ ಹೋದವರ ಪುಸ್ತಿಕೆಯಲ್ಲಿ ಅಡುಗೆಯವರ ಜೊತೆ ಜಗಳ ಅಂತೆಲ್ಲ ಹಾಕಿದರೆ ಚೆನ್ನಾಗಿರಲ್ಲ.

ರೈಲುಗೇಟು ಹಾಸನ
ಅಚ್ಚು ಹಾಕೋದು, ಬಿಡೋದು ಆಮೇಲಿನ ಮಾತು. ಧ್ವನಿಯಲ್ಲಿ ಇರಲಿ. ಡಿಸ್ಪೆನ್ಸರಿ ಬೀಗದ ಕೈಗೆ ನಡೆದ ಜಗಳ ಹೇಳಿದರೆ ಆ ಮನುಷ್ಯನಿಗೆ ಏನು ಜವಾಬ್ದಾರಿ ಇತ್ತು, ಅವನ ಸ್ವಾಭಿಮಾನ ಎಂಥದ್ದು ಎರಡೂ ಗೊತ್ತಾಗುತ್ತೆ. "ತುಂಬಾ ನಂಬಿಗಸ್ಥ" ಅಂತ ಬರೆದರೆ ಏನೂ ಗೊತ್ತಾಗಲ್ಲ.

ಕೆಂಪುಹೊಳೆ
ರೆಕಾರ್ಡಿಂಗ್ ಬಗ್ಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಲ್ಲಿ ಶೀಟಿನ ಮಾಡಿನ ಕೆಳಗೆ ರೆಕಾರ್ಡ್ ಮಾಡೋ ಆಸೆ ಬೇಡ, ಮಳೆ ಸದ್ದಿನ ಕೆಳಗೆ ಹೋದ ಮಾತನ್ನ ಯಾವ ಸಾಫ್ಟ್‌ವೇರೂ ಮೇಲೆತ್ತಲ್ಲ. ಆರ್‌ಸಿಸಿ ಕೋಣೆ, ಕಿಟಕಿಗೆ ಪರದೆ, ಫ್ಯಾನ್ ಬಂದ್, ಫ್ರಿಜ್ ಪಕ್ಕದ ಕೋಣೆ ಬೇಡ. ಕಾಲರ್ ಮೈಕ್ ಬಾಯಿಂದ ಒಂದು ಗೇಣು ಕೆಳಗೆ. ಸಿಸ್ಟರ್‌ಗಳ ವಿಷಯದಲ್ಲಿ ಎರಡು ಗಮನಿಸಿ: ತಲೆವಸ್ತ್ರದ ಅಂಚು ಮೈಕಿಗೆ ಉಜ್ಜಬಾರದು, ಕೊರಳ ಶಿಲುಬೆ ಮೈಕಿಗೆ ಬಡೀಬಾರದು. ಮೈಕನ್ನ ಶಿಲುಬೆಯಿಂದ ಪಕ್ಕಕ್ಕೆ ಸರಿಸಿ ಹಾಕಿ.

ಮೊಬೈಲಲ್ಲೇ ಆದರೂ ವೇವ್ ಫೈಲಾಗಿ ಉಳಿಸೋ ಆ್ಯಪ್ ಹಾಕ್ಕೊಳ್ಳಿ: 48 ಕಿಲೋಹರ್ಟ್ಸ್, 16 ಬಿಟ್, ಮೋನೊ. ಗಂಟೆಗೆ ಸುಮಾರು 345 ಎಂಬಿ ಆಗುತ್ತೆ. ಏರೋಪ್ಲೇನ್ ಮೋಡ್ ಕಡ್ಡಾಯ, ಕರೆ ಬಂದರೆ ಎಷ್ಟೋ ಫೋನಲ್ಲಿ ರೆಕಾರ್ಡಿಂಗ್ ಅಲ್ಲೇ ನಿಲ್ಲುತ್ತೆ. ಶುರುವಿನಲ್ಲಿ ತಾರೀಖು, ಜಾಗ, ಯಾರ್ಯಾರು ಕೂತಿದ್ದೀರಿ ಅನ್ನೋದನ್ನ ಬಾಯಲ್ಲಿ ಹೇಳಿ. ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು, ಈ ವಯಸ್ಸಿಗೆ ಅದಕ್ಕಿಂತ ಹೆಚ್ಚಾದರೆ ಹೆಸರುಗಳು ಒಂದಕ್ಕೊಂದು ಕಲಸಿಹೋಗ್ತವೆ. ಬೆಳಗಿನ ಪೂಜೆ, ತಿಂಡಿ ಆದ ಮೇಲಿನ ಹೊತ್ತು ಒಳ್ಳೇದು. ಅದೇ ದಿನ ಎರಡು ಬೇರೆ ಕಡೆ ಕಾಪಿ ಮಾಡಿ. ವಾಟ್ಸಾಪಲ್ಲಿ ಕಳಿಸಿದ್ದನ್ನೇ ಮೂಲ ಅಂತ ಇಟ್ಕೋಬೇಡಿ.

ಸಕಲೇಶಪುರ ಘಾಟಿ
ಕಾಲರ್ ಮೈಕ್ ತಗೋತೀವಿ. ಟೈಪ್ ಮಾಡೋಕೆ ಫೋನಿನ ಕನ್ನಡ ವಾಯ್ಸ್ ಟೈಪಿಂಗ್ ಸಾಕಾ?

ಕೆಂಪುಹೊಳೆ
ಮೊದಲ ಕರಡಿಗೆ ಆದೀತು. ಸ್ವಾಹಿಲಿ ಹೆಸರು ಬಂದ ಕಡೆಯೆಲ್ಲ ಹತ್ತಿರದ ಕನ್ನಡ ಪದ ತುರುಕುತ್ತೆ, ತೊಂದರೆ ಅಂದ್ರೆ ವಾಕ್ಯ ಸರಿಯಾಗೇ ಕಾಣುತ್ತೆ. ಹಾಗಾಗಿ ಯಾರಾದರೂ ಕಿವಿಗೆ ಹಾಕ್ಕೊಂಡು ಪೂರ್ತಿ ಕೇಳಲೇಬೇಕು. ಒಂದು ಗಂಟೆ ಮಾತಿಗೆ ಐದಾರು ಗಂಟೆ ಹಿಡಿಯುತ್ತೆ.

ಬುಕೋಬ ರೊಬಸ್ಟ
ತಾಂಜಾನಿಯಾ ಅಂದಿದ್ದಕ್ಕೆ ಬಂದೆ. ಆ ದೇಶದ ಮಟ್ಟಿಗೆ ತಪ್ಪು ನುಸುಳೋ ಜಾಗ ಮೂರು, ಮೂರೂ ಪುಸ್ತಿಕೆ ಹಾಳು ಮಾಡುವಂಥವು.

ಒಂದು, ಹೊತ್ತು. ಸ್ವಾಹಿಲಿಯಲ್ಲಿ ದಿನದ ಗಂಟೆ ಎಣಿಸೋದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು, ನಮ್ಮ ಒಂಬತ್ತು ಅವರಿಗೆ ಮೂರು. ಆರು ಗಂಟೆ ಅಂತರ. ಬಹಳ ವರ್ಷ ಇದ್ದವರಿಗೆ ಕಾಗದ ಬರೆಯುವಾಗಲೂ ಅದೇ ಲೆಕ್ಕ ಕೈಗೆ ಬಂದಿರಬಹುದು. "ರಾತ್ರಿ ಎರಡು ಗಂಟೆಗೆ ಉಪದೇಶಿ ಬಂದು ಬಾಗಿಲು ಬಡಿದರು" ಅಂತ ಇದ್ದರೆ ಅದು ನಡುರಾತ್ರಿ ಕಳೆದ ಎರಡೋ, ರಾತ್ರಿ ಎಂಟೋ ಕೇಳಿ ತಿಳ್ಕೊಳ್ಳಿ. ಘಟನೆಯ ತೂಕವೇ ಬದಲಾಗುತ್ತೆ.

ಎರಡು, ಹೆಂಗಸರ ಹೆಸರು. ಮಗು ಆದ ಮೇಲೆ ತಾಯಿಯನ್ನ ಮೊದಲ ಮಗುವಿನ ಹೆಸರಿನ ಹಿಂದೆ "ಮಾಮ" ಸೇರಿಸಿ ಕರೀತಾರೆ. ಅದೇ ಹುಡುಗಿ ಹಳೇ ಕಾಗದದಲ್ಲಿ ಸ್ವಂತ ಹೆಸರಲ್ಲಿ, ನಾಲ್ಕು ವರ್ಷದ ಮೇಲಿನ ಕಾಗದದಲ್ಲಿ ಮಾಮ ನೇಮ ಅಂತ ಇರ್ತಾಳೆ. ಒಬ್ಬರನ್ನ ಇಬ್ಬರು ಮಾಡಿ ಬರೆದುಬಿಡ್ತೀರಿ. ಗಂಡಸರಿಗೆ ಸಾಮಾನ್ಯವಾಗಿ ತನ್ನ ಹೆಸರು, ಅಪ್ಪನದು, ಅಜ್ಜನದು ಅಂತ ಮೂರು. ಮಧ್ಯದ್ದನ್ನ ಬಿಟ್ಟರೆ ಅಲ್ಲಿ ಯಾರೂ ಗುರುತು ಹಿಡಿಯಲ್ಲ.

ಮೂರು, ಊರು. 1973ರಿಂದ 76ರ ನಡುವೆ ಅಧ್ಯಕ್ಷ ನ್ಯೆರೆರೆ ಸರ್ಕಾರ ಚದುರಿದ ಮನೆಗಳನ್ನೆಲ್ಲ ಎಬ್ಬಿಸಿ ಉಜಾಮಾ ಅನ್ನೋ ಯೋಜನೆಯ ಹೊಸ ಹಳ್ಳಿಗಳಿಗೆ ಸೇರಿಸಿತು. ಅದಕ್ಕಿಂತ ಹಿಂದಿನ ಕಾಗದದ ಊರನ್ನ ಈಗಿನ ನಕ್ಷೆಯಲ್ಲಿ ಹುಡುಕಿದರೆ ಹೆಸರಿರುತ್ತೆ, ಜಾಗ ಬೇರೆ. ಹೇಮಾವತಿ ಹಿನ್ನೀರಿಂದ ಎದ್ದು ಬಂದ ಊರುಗಳನ್ನ ನೋಡಿದ ಹಾಸನದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಪ್ರಾಂತಗಳೂ ಒಡೆದಿವೆ: ಅರುಶಾದಿಂದ ಮನ್ಯಾರ 2002ರಲ್ಲಿ ಬೇರೆಯಾಯಿತು, ಗೇಯ್ಟ, ಸಿಮಿಯು, ನ್ಜೊಂಬೆ, ಕಟಾವಿ 2012ರಲ್ಲಿ. ಆಗಿನ ಪ್ರಾಂತ, ಈಗಿನ ಪ್ರಾಂತ ಎರಡೂ ಕೊಡಿ.

ಇನ್ನೊಂದು ಮಾತು, ತಪ್ಪಿಗೆ ಸಂಬಂಧ ಇಲ್ಲ. ಸಿಸ್ಟರ್ ಬುಕೋಬ ಕಡೆ ಇದ್ದಿದ್ದರೆ ಕಾಫಿ ಕೇಳಿ. ಅಲ್ಲಿನ ಹಾಯ ಜನ ರೊಬಸ್ಟ ಹಣ್ಣನ್ನ ಬೇಯಿಸಿ ಒಣಗಿಸಿ ಅತಿಥಿಗೆ ಅಗಿಯೋಕೆ ಕೊಡ್ತಾರೆ. ಚಿಕ್ಕಮಗಳೂರು ಸೀಮೆಯಿಂದ ಹೋದವರಿಗೆ ಮೊದಲು ಅದನ್ನ ಕೈಗಿಟ್ಟವರು ಯಾರು ಅನ್ನೋದು ಮರೆಯೋ ವಿಷಯವೇ ಅಲ್ಲ.

ಮೂಡಿಗೆರೆ ಮಗ್ಗೆ
ಇಥಿಯೋಪಿಯಕ್ಕೆ ಹೋದವರ ಕಾಗದ ಇರೋರಿಗೂ ಒಂದು ಮಾತು. ಅಲ್ಲಿನ ಪಂಚಾಂಗ ನಮ್ಮ ಇಂಗ್ಲಿಷ್ ಇಸವಿಗಿಂತ ಏಳೆಂಟು ವರ್ಷ ಹಿಂದೆ, ಹದಿಮೂರು ತಿಂಗಳು, ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ (ಕೆಲವು ವರ್ಷ 12ಕ್ಕೆ). ಅಲ್ಲಿನವರು ಫೋಟೋ ಹಿಂದೆ ಬರೆದುಕೊಟ್ಟ ಇಸವಿಯನ್ನ ಹಾಗೇ ಹಾಕಿದರೆ ಸಿಸ್ಟರ್ ಅಲ್ಲಿಗೆ ಹೋಗೋ ಮುಂಚೆಯೇ ಫೋಟೋದಲ್ಲಿರ್ತಾರೆ.

ಹಳೇ ರಿಜಿಸ್ಟರ್
ಇಷ್ಟೆಲ್ಲ ತಾಪತ್ರಯ ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಮ್ಮ ಜಿಲ್ಲೆಯನ್ನೇ ತೋರಿಸಿ. 1792ರಲ್ಲಿ ಭಾರತಕ್ಕೆ ಬಂದು 1823ರಲ್ಲಿ ಮರಳಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದವರು. ಹಾಸನದ ಹತ್ತಿರದ ಸಾತಹಳ್ಳಿಯಲ್ಲಿ ಬೇಸಾಯಗಾರರ ನೆಲೆ ಕಟ್ಟಿದರು, ಸಿಡುಬಿನ ಲಸಿಕೆ ಹಾಕಿಸಿದರು. ಈ ನಾಡಿನ ಆಚಾರ ವಿಚಾರಗಳ ಬಗ್ಗೆ ಅವರು ಕೊಟ್ಟ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2000 ವರಹಕ್ಕೆ ಕೊಂಡಿತು. ಅದರಲ್ಲಿ ಜಾತಿ, ಮಡಿ, ಮದುವೆ, ಹಬ್ಬ ಎಲ್ಲದರ ವಿವರ ರಾಶಿ ಇದೆ. ಅದನ್ನೆಲ್ಲ ಹೇಳಿಕೊಟ್ಟ ಮನುಷ್ಯರು ಯಾರು, ಅವರ ಹೆಸರೇನು ಅಂತ ಹುಡುಕಿದರೆ ಕೈ ಖಾಲಿ. ಸಾಲದ್ದಕ್ಕೆ, ಅದರಲ್ಲಿ ದೊಡ್ಡ ಪಾಲು ಅವರಿಗಿಂತ ಹಿಂದಿನ ಜೆಸೂಯಿಟ್ ಪಾದ್ರಿ ಕೂರ್ದೂ ಬರಹದಿಂದ ಬಂದದ್ದು ಅಂತ 20ನೇ ಶತಮಾನದಲ್ಲಿ ವಿದ್ವಾಂಸರು ಪತ್ತೆ ಹಚ್ಚಿದರು.

ಇನ್ನೊಂದು ಬಗೆಯೂ ಇದೆ. ಮಂಗಳೂರಿನಲ್ಲಿದ್ದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಹೋದ ಕಥೆಯನ್ನು ಕ್ರೈಸ್ತನಾದ ಕೊಡವ ಆಲ್ಮಂಡ ಸೋಮಯ್ಯನ ಹೆಸರು ಬಿಟ್ಟು ಹೇಳಲಾಗುವುದಿಲ್ಲ. ಅದೇ ಮಿಷನ್ನಿನ ಆನಂದರಾವ್ ಕೌಂಡಿನ್ಯ ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಯಾದದ್ದು ದಾಖಲಾಗಿದೆ. ಹೆಸರು ಇದ್ದದ್ದರಿಂದ ಅವರ ಮನೆತನ, ಊರು, ಮುಂದಿನ ತಲೆಮಾರು ಎಲ್ಲವನ್ನೂ ಹುಡುಕಲು ಸಾಧ್ಯವಾಯಿತು. ನಿಮ್ಮ ಪುಸ್ತಿಕೆಯನ್ನು ನಾಳೆ ತಾಂಜಾನಿಯಾದವರು ಯಾರಾದರೂ ಓದಿದರೆ ಅವರ ಅಜ್ಜಿ ಅದರಲ್ಲಿ ಸಿಗಬೇಕು, "ಸ್ಥಳೀಯ ಮಹಿಳೆಯರು" ಅಂತಲ್ಲ.

ಇದರ ಜೊತೆಗೇ ಒಂದು ಗೊಣಗಾಟ: ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ ಚರ್ಚು ಅರ್ಧ ಮುಳುಗಿದ ಫೋಟೋ ಹಾಕುವವರು ಸಾವಿರ ಜನ. ಅಲ್ಲಿಂದ ಎದ್ದುಹೋದ ಮನೆಗಳ ಪಟ್ಟಿ ಮಾಡಿ ಅಂದರೆ ಯಾರೂ ಇಲ್ಲ.

ಬಾಣಾವರ ಜಂಕ್ಷನ್
ನಮ್ಮ ಕಡೆಯ ಹಳೇ ಜ್ಞಾನಸ್ನಾನ ಪುಸ್ತಕ ನೋಡೋರಿಗೆ ಹೆಸರಿನ ಗೊಂದಲ ಆಗುತ್ತಲ್ಲ, ಅದಕ್ಕೇನು ಮಾಡೋದು ಸರ್?

ಹಳೇ ರಿಜಿಸ್ಟರ್
ಹಳೆಯವು ಲ್ಯಾಟಿನ್‌ನಲ್ಲಿರುತ್ತವೆ. ಪಾದ್ರಿ ಪೇತ್ರುಸ್ ಅಂತ ಬರೆದವರು ಊರಲ್ಲಿ ರಾಯಪ್ಪ. ಪೌಲುಸ್ ಚಿನ್ನಪ್ಪ, ಯೊಹಾನ್ನೆಸ್ ಅರುಳಪ್ಪ, ಇಗ್ನಾತಿಯುಸ್ ಇನ್ನಾಸಪ್ಪ, ಫ್ರಾನ್ಸಿಸ್ ಜೇವಿಯರ್ ಚೌರಪ್ಪ. ಎರಡು ಕಾಲಂ ಮಾಡಿಕೊಂಡು ರಿಜಿಸ್ಟರಿನಲ್ಲಿದ್ದ ಹಾಗೆ ಒಂದರಲ್ಲಿ, ಊರಿನ ಹೆಸರು ಇನ್ನೊಂದರಲ್ಲಿ ಬರೆಯಿರಿ. ಎರಡನ್ನೂ ಬೆರೆಸಿ ಒಂದೇ ಮಾಡಬೇಡಿ. ಸಿಸ್ಟರ್ ವಿಷಯದಲ್ಲೂ ಇದೇ: 1960ರ ದಶಕಕ್ಕೆ ಮುಂಚೆ ವ್ರತ ತೆಗೆದುಕೊಂಡವರಿಗೆ ಮಠದ ಹೆಸರು ಬೇರೆ ಇರುತ್ತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ ಎಷ್ಟೋ ಜನ ಜ್ಞಾನಸ್ನಾನದ ಹೆಸರಿಗೆ ಮರಳಿದರು. ಜೊತೆಗಿದ್ದ ಇಟಲಿ, ಐರ್ಲೆಂಡ್ ಸಿಸ್ಟರ್‌ಗಳನ್ನು ಹುಡುಕುವಾಗ ಎರಡೂ ಹೆಸರು ಬೇಕು.

ತಾರೀಖಿಗೆ ನೆನಪನ್ನು ನಂಬಬೇಡಿ. ಹಳೇ ಪಾಸ್‌ಪೋರ್ಟಿನ ವೀಸಾ ಮುದ್ರೆ ನೋಡಿ. ಹೆಚ್ಚಿನ ಸನ್ಯಾಸಿನಿ ಸಭೆಗಳಲ್ಲಿ ಪ್ರತಿ ಮಠದಲ್ಲೂ ದಿನಚರಿ ಬರೆಯುವ ರೂಢಿ ಇದೆ: ಯಾರು ಬಂದರು, ಯಾರಿಗೆ ವರ್ಗವಾಯಿತು, ಯಾವ ಕಟ್ಟಡ ಉದ್ಘಾಟನೆ. ಅದನ್ನು ನೋಡಲು ಪ್ರಾವಿನ್ಶಿಯಲ್ ಮದರ್‌ಗೆ (ಸಭೆಯ ಪ್ರಾಂತದ ಮುಖ್ಯಸ್ಥೆಗೆ) ಲಿಖಿತ ಅರ್ಜಿ ಕೊಡಿ, ಯಾವ ಮಠ, ಯಾವ ಇಸವಿಯಿಂದ ಯಾವ ಇಸವಿ ಅಂತ ಸ್ಪಷ್ಟವಾಗಿ ಬರೆದು. "ಎಲ್ಲ ದಾಖಲೆ ಕೊಡಿ" ಅಂತ ಬರೆದ ಅರ್ಜಿ ಮೇಜಿನ ಮೇಲೇ ಕೂರುತ್ತದೆ.

ಗಿರಿಯ ಮಂಜು
ಆಲ್ಬಂ ಮತ್ತು ಡಬ್ಬಿ ನನ್ನ ಪಾಲಿಗಿರಲಿ.

ಅಂಟು ಆಲ್ಬಂನಿಂದ ಫೋಟೋ ಕೀಳಬೇಡಿ. ಮೊದಲು ಪ್ಲಾಸ್ಟಿಕ್ ಹಾಳೆ ಎತ್ತಿ ಪುಟ ಪೂರ್ತಿ ಸ್ಕ್ಯಾನ್ ಮಾಡಿ, ಯಾವುದರ ಪಕ್ಕ ಯಾವುದಿತ್ತು ಅನ್ನೋದೇ ಒಂದು ದಾಖಲೆ. ಆಮೇಲೆ ಹಿಂಬದಿಯ ಬರಹ ಬೇಕು ಅನ್ನಿಸಿದ ಫೋಟೋಗೆ ಮಾತ್ರ ಹಲ್ಲಿನ ಸಂದಿಗೆ ಹಾಕೋ ಫ್ಲಾಸ್ ದಾರವನ್ನ ಮೂಲೆಯಿಂದ ಒಳಗೆ ತೂರಿಸಿ ಗರಗಸದ ಥರ ಮೆಲ್ಲಗೆ ಎಳೀರಿ. ಬಗ್ಗಿತು ಅನ್ನಿಸಿದರೆ ಅಲ್ಲಿಗೇ ಬಿಡಿ. ಮಲೆನಾಡಿನ ಶೀತಕ್ಕೆ ಚೌಕಟ್ಟಿನ ಗಾಜಿಗೇ ಅಂಟಿಹೋದ ಫೋಟೋ ಇದ್ದರೆ ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಬಿಡಿಸೋಕೆ ಹೋದರೆ ಮುಖದ ಪದರ ಗಾಜಲ್ಲೇ ಉಳಿಯುತ್ತೆ.

4×6 ಇಂಚಿನ ಫೋಟೋಗೆ 600 ಡಿಪಿಐ ಇಟ್ಟರೆ 2400×3600 ಪಿಕ್ಸೆಲ್, ಟಿಫ್ ಫೈಲು 26 ಎಂಬಿ ಆಸುಪಾಸು. ಸ್ಲೈಡಿಗೆ 3200 ಡಿಪಿಐ ಬೇಕು, ಮಾಮೂಲಿ ಫ್ಲಾಟ್‌ಬೆಡ್ ಸಾಲದು, ಮುಚ್ಚಳದಲ್ಲಿ ಬೆಳಕಿರೋದೇ ಆಗಬೇಕು. ಫೈಲಿಗೆ ಆಲ್ಬಂ ಸಂಖ್ಯೆ, ಪುಟ, ಫೋಟೋ ಸಂಖ್ಯೆ, ಮುಂದೆ ಅಥವಾ ಹಿಂದೆ, ಇಷ್ಟೇ ಹೆಸರು. ಫೋಟೋ ಹಿಂದೆ ಬರೆಯಬೇಕಾದರೆ 2ಬಿ ಪೆನ್ಸಿಲ್, ಅಂಚಲ್ಲಿ, ಗಟ್ಟಿ ಮೇಜಿನ ಮೇಲಿಟ್ಟು. ಬಾಲ್‌ಪೆನ್ ಒತ್ತಿದ ಗೆರೆ ಮುಂದೆ ಮುಖದ ಮೇಲೆ ಎದ್ದು ಕಾಣುತ್ತೆ.

ಏರೋಗ್ರಾಮ್‌ನಲ್ಲಿ ನೋಡಬೇಕಾದ್ದು ಅಂಚೆಚೀಟಿ ಮೂಲೆ. ಸಾಮಾನ್ಯವಾಗಿ ಮನೆ ಮಕ್ಕಳು ಸ್ಟಾಂಪ್ ಸಂಗ್ರಹಕ್ಕೆ ಅಂತ ಕತ್ತರಿಸಿರ್ತಾರೆ. ಆಗ ಹೋಗೋದು ಸ್ಟಾಂಪು, ಮುದ್ರೆಯ ತಾರೀಖು, ಜೊತೆಗೆ ಹಾಳೆಯ ಹಿಂಬದಿಯ ಮೂರು ನಾಲ್ಕು ಸಾಲು. ಹೆಸರು ಅಲ್ಲೇ ಇದ್ದರೆ ಆ ಜಾಗ ಖಾಲಿ ಬಿಟ್ಟು ಚೌಕಟ್ಟು ಹಾಕಿ, ಊಹಿಸಿ ತುಂಬಬೇಡಿ. ತೆರೆಯದೆ ಅಂಟಿಕೊಂಡ ಮಡಿಕೆ ಇದ್ದರೆ ಹಬೆ ಹಿಡಿಯಬೇಡಿ, ಅವು ನೀಲಿ ತೆಳು ಕಾಗದ, ಶಾಯಿ ಹರಡುತ್ತೆ. ಬಿಸ್ಕತ್ ಡಬ್ಬಿಯಿಂದ ಹೊರಗೆ ತೆಗೆದು ಕಾಗದದ ಲಕೋಟೆಗೆ ಹಾಕಿ, ತುಕ್ಕು ಕಾಗದಕ್ಕೆ ಇಳಿಯುತ್ತೆ.

ಗಾಳಿಯ ತೇವಾಂಶ ನೂರಕ್ಕೆ 65 ದಾಟಿ ಅಲ್ಲೇ ನಿಂತರೆ ಸ್ಲೈಡಿಗೆ ಬೂಷ್ಟು ಹಿಡಿಯುತ್ತೆ, ನಮ್ಮಲ್ಲಿ ಮಳೆಗಾಲ ಪೂರ್ತಿ ಅದೇ ಕಥೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಮುನ್ನೂರು ರೂಪಾಯಿ ಆಸುಪಾಸಿನ ತೇವಮಾಪಕ. ಜೆಲ್ ಬಣ್ಣ ತಿರುಗಿದರೆ ಓವನ್‌ನಲ್ಲಿ 120 ಡಿಗ್ರಿಗೆ ಒಂದೆರಡು ಗಂಟೆ ಒಣಗಿಸಿ ಮತ್ತೆ ಹಾಕಿ. ನೀಲಿ ಬಣ್ಣದ್ದಕ್ಕಿಂತ ಕಿತ್ತಳೆಯದ್ದು ಮೇಲು, ನೀಲಿಯಲ್ಲಿ ಕೋಬಾಲ್ಟ್ ಇರುತ್ತೆ.

ಬಾಣಾವರ ಜಂಕ್ಷನ್
ಕ್ಯಾಸೆಟ್ಟು?

ಗಿರಿಯ ಮಂಜು
ಕಿಟಕಿಯಿಂದ ಟೇಪಿನ ಸುರುಳಿ ನೋಡಿ. ಬಿಳಿ ಮಚ್ಚೆ ಇದ್ದರೆ ಬೂಷ್ಟು, ಹಾಕಿ ಕೇಳಬೇಡಿ, ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹೋಗುತ್ತೆ. ಮಚ್ಚೆ ಇಲ್ಲದಿದ್ದರೆ ನಡುವಿನ ಸಣ್ಣ ಫೆಲ್ಟ್ ಪ್ಯಾಡ್ ಇದೆಯಾ ನೋಡಿ. ಅದು ಉದುರಿದ್ದರೆ ಧ್ವನಿ ಗುಹೆಯೊಳಗಿಂದ ಬಂದಂಗೆ ಕೇಳುತ್ತೆ, ಟೇಪ್ ಹಾಳಾಗಿದೆ ಅಂತ ಎಸೆದುಬಿಡ್ತಾರೆ. ಬೇರೆ ಖಾಲಿ ಕ್ಯಾಸೆಟ್ಟಿನ ಕವಚಕ್ಕೆ ಸುರುಳಿ ಬದಲಾಯಿಸಿದರೆ ಸರಿಹೋಗುತ್ತೆ. ಒಂದು ಸಲ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿಸಿ ಆಮೇಲೆ ಕಂಪ್ಯೂಟರಿಗೆ ಇಳಿಸಿ.

ಜಪಸರ
ರೋಗಿಗಳ ಹೆಸರು ಹಾಕಬಹುದಾ? ಸಿಸ್ಟರ್ ನರ್ಸ್ ಅಂದಿರಿ, ಕುಷ್ಠ, ಏಡ್ಸ್ ಎಲ್ಲ ಬಂದೇ ಬರುತ್ತೆ.

ಬುಕೋಬ ರೊಬಸ್ಟ
ಒಳ್ಳೆ ಪ್ರಶ್ನೆ ಎತ್ತಿದ್ರಿ. ರೋಗಿಯಾಗಿ ಬಂದವರ ಹೆಸರು ಬೇಡ, ತೀರಿಹೋಗಿದ್ದರೂ ಬೇಡ. ಊರಲ್ಲಿ ಮಕ್ಕಳು ಮೊಮ್ಮಕ್ಕಳು ಇರ್ತಾರೆ. ಬರೀ ಹೆಸರು ತೆಗೆದರೆ ಸಾಲದು. "ಆ ಊರಿನ ಒಬ್ಬನೇ ಕಮ್ಮಾರ, ಎಡಗಾಲಿಲ್ಲದವನು" ಅಂದರೆ ಎಲ್ಲರಿಗೂ ಗೊತ್ತಾಗುತ್ತೆ. ಊರು ತೆಗೆಯಿರಿ, ಕೆಲಸ ಉಳಿಸಿ. ಬದಲಿ ಹೆಸರು ಇಡಲೇಬೇಡಿ, ಅಲ್ಲಿ ಹೆಸರು ಕೇಳಿದರೆ ಯಾವ ಬುಡಕಟ್ಟು, ಯಾವ ಧರ್ಮ ಅಂತ ಹೇಳ್ತಾರೆ. ಸುಕುಮ ಹೆಂಗಸಿಗೆ ಚಗ್ಗ ಹೆಸರು ಇಟ್ಟು ನಗೆಪಾಟಲಾಗ್ತೀರಿ.

ಜೊತೆಗೆ ಕೆಲಸ ಮಾಡಿದವರ ಹೆಸರಿಗೆ ಒಪ್ಪಿಗೆ ತರಿಸಿ. ದಾರಿ ಇದೆ: ಅಲ್ಲಿನ ಪ್ರತಿ ಧರ್ಮಕೇಂದ್ರದಲ್ಲೂ ಜುಮುಯ್ಯ ಅಂತ ಅಕ್ಕಪಕ್ಕದ ಮನೆಗಳ ಸಣ್ಣ ಗುಂಪು ಇರುತ್ತೆ, ಅದರ ಮುಖಂಡರಿಗೆ ಎಲ್ಲ ಮನೆ ಗೊತ್ತು. ಧರ್ಮಕೇಂದ್ರದ ಫಾದರ್‌ಗೆ ಬರೆದು ಮುಖಂಡರ ನಂಬರ್ ಕೇಳಿ. ಫೋಟೋ ಕಳಿಸಿ, ಅದರಲ್ಲಿರೋರನ್ನ ಎಡದಿಂದ ಬಲಕ್ಕೆ ಹೇಳೋಕೆ ಹೇಳಿ. ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ಗಂಟೆ ಹಿಂದೆ, ನಮ್ಮ ಸಂಜೆ ಐದಕ್ಕೆ ಅಲ್ಲಿ ಎರಡೂವರೆ. ಹಳೇ ಕಾಲದ ಜನರನ್ನ ಹುಡುಕೋದಾದರೆ ಹತ್ತು ಮನೆಗೊಬ್ಬ ಅಂತ ಆಳುವ ಪಕ್ಷದ ಮುಖಂಡ ಇರ್ತಿದ್ರು, ಸ್ವಾಹಿಲಿಯಲ್ಲಿ ಬಲೋಜಿ. "ನಿಮ್ಮ ಮಿಷನ್ ಪಕ್ಕದ ಬಲೋಜಿ ಯಾರಾಗಿದ್ರು" ಅಂತ ಸಿಸ್ಟರನ್ನ ಕೇಳಿ. ಪರ್ಮಿಟ್ಟು, ಕಳವು, ಸಾವು ಎಲ್ಲಕ್ಕೂ ಮೊದಲು ಹೋಗಬೇಕಾದ ಮನೆ ಅದು.

ಮಕ್ಕಳ ಫೋಟೋ ಒಪ್ಪಿಗೆ ಸಿಗದಿದ್ದರೆ ಬಿಡಿ. ಬರಿಗಾಲ ಮಕ್ಕಳನ್ನ ಸಾಲಾಗಿ ನಿಲ್ಲಿಸಿ ನಡುವೆ ಸಿಸ್ಟರ್ ನಿಂತ ಫೋಟೋ ಎಲ್ಲ ಮಿಷನ್ ಪುಸ್ತಿಕೆಯಲ್ಲೂ ಇದೆ. ಅದರಿಂದ ಓದುಗರಿಗೆ ಸಿಗೋದೂ ಅಷ್ಟಕ್ಕಷ್ಟೆ.

ಜಪಸರ
ಇದು ಒಪ್ಪಿದೆ.

ಅಚ್ಚಿನಮನೆ
ಮುದ್ರಣದ ಮಾತು ಈಗಲೇ ಹೇಳಿಬಿಡ್ತೀನಿ, ಕೊನೆಗೆ ಎಲ್ಲರೂ ಅಲ್ಲೇ ಎಡವೋದು. ಡೆಮಿ 1/8 ಸೈಜು, ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್‌ಲಿಥೊ (ಹೊಳಪಿಲ್ಲದ ಮಾಮೂಲಿ ಪುಸ್ತಕದ ಕಾಗದ). ಫೋಟೋಗಳನ್ನ ಒಟ್ಟು ಮಾಡಿ 130 ಜಿಎಸ್‌ಎಂ ಆರ್ಟ್ ಪೇಪರಲ್ಲಿ 8 ಪುಟ ಬೇರೆ ಹಾಕಿಸಿ. ಮ್ಯಾಪ್‌ಲಿಥೊ ಮೇಲೆ ಕಪ್ಪು ಮೈಬಣ್ಣದವರ ಮುಖ ಶಾಯಿ ಕುಡಿದು ಬರೀ ನೆರಳಾಗುತ್ತೆ, ಯಾರನ್ನ ತೋರಿಸಬೇಕು ಅಂತಿದ್ರೋ ಅವರೇ ಮಾಯ. ಪ್ರೂಫ್ ನೋಡುವಾಗ ಮುಖಗಳನ್ನೇ ನೋಡಿ, ಬೇಕಾದರೆ ನೆರಳಿನ ಭಾಗ ತಿಳಿ ಮಾಡಿಸಿ. ಪುಟ 16ರ ಮಡಿಯಲ್ಲಿ ಇರಲಿ: 48, 64, 80. ಅರವತ್ತನಾಲ್ಕರವರೆಗೆ ಸೆಂಟರ್ ಪಿನ್ ಆಗುತ್ತೆ.

ಯೂನಿಕೋಡಲ್ಲಿ ಟೈಪ್ ಮಾಡಿ ಡಿಟಿಪಿಗೆ ಕೊಟ್ಟರೆ ಇಲ್ಲಿನ ಎಷ್ಟೋ ಕಡೆ ನುಡಿ, ಶ್ರೀಲಿಪಿಯಂಥ ಹಳೇ ಫಾಂಟುಗಳಿಗೆ ಕನ್ವರ್ಟ್ ಮಾಡ್ತಾರೆ. ಆಗ ಒತ್ತಕ್ಷರ ಸ್ಥಳ ತಪ್ಪುತ್ತೆ, ಅರ್ಕಾವತ್ತು ಅತ್ತಿತ್ತ ಆಗುತ್ತೆ, ಜ಼ ಬರೆದಿದ್ದರ ಚುಕ್ಕೆ ಹಾರಿಹೋಗುತ್ತೆ. ಕನ್ನಡ ಪದ ಆದರೆ ಪ್ರೂಫ್ ನೋಡೋರು ಹಿಡೀತಾರೆ, ಮ್ವಾಂಜ಼, ನ್ಜೊಂಬೆ ತಪ್ಪಾದರೆ ಯಾರಿಗೂ ಗೊತ್ತಾಗಲ್ಲ. ಹಾಗಾಗಿ ಹೆಸರುಗಳ ಪಟ್ಟಿಯನ್ನ ಬೇರೆ ಹಾಳೆಯಲ್ಲಿ ಪ್ರಿಂಟ್ ತೆಗೆದು, ಒಬ್ಬರು ಓದಿ ಇನ್ನೊಬ್ಬರು ಪ್ರೂಫಲ್ಲಿ ಗುರುತು ಹಾಕಿ. ಯೂನಿಕೋಡಲ್ಲೇ ಪುಟ ಕಟ್ಟೋರು ಸಿಕ್ಕಿದರೆ ಅವರಿಗೇ ಕೊಡಿ.

ಸಕಲೇಶಪುರ ಘಾಟಿ
ಎ3 ಹಾಳೆ, ಸ್ಕೆಚ್ ಪೆನ್ನು ತಂದಾಯ್ತು. ಫಾದರ್ ಹತ್ತಿರ ಮಾತಾಡಿ ಆರ್‌ಸಿಸಿ ಕೋಣೆ ಕೇಳಿದೀವಿ. ಸಿಸ್ಟರ್ ಮಾತಲ್ಲಿ ಕನ್ನಡ, ಸ್ವಾಹಿಲಿ, ಇಂಗ್ಲಿಷು ಮೂರೂ ಸೇರಿ ಬರುತ್ತಲ್ಲ, ಪುಸ್ತಿಕೆಗೆ ಶುದ್ಧ ಕನ್ನಡ ಮಾಡಬೇಕಾ?

ರೈಲುಗೇಟು ಹಾಸನ
ವಾಕ್ಯ ಅವರದ್ದೇ ಇರಲಿ, "ಉಮ್", "ಅದೇ ಅದೇ" ತೆಗೆಯಿರಿ ಸಾಕು. ಸ್ವಾಹಿಲಿ ಪದಕ್ಕೆ ಮೊದಲ ಸಲ ಬಂದಲ್ಲಿ ಅದೇ ಸಾಲಲ್ಲಿ ಅರ್ಥ ಬರೋ ಹಂಗೆ ನೋಡ್ಕೊಳ್ಳಿ. ಅಚ್ಚಿಗೆ ಮುಂಚೆ ಪೂರ್ತಿ ಕರಡನ್ನ ಸಿಸ್ಟರ್‌ಗೆ ಗಟ್ಟಿಯಾಗಿ ಓದಿ ಹೇಳಿ, ಅದನ್ನೂ ರೆಕಾರ್ಡ್ ಮಾಡಿ. ತಿದ್ದುಪಡಿ ಹೇಳೋ ನೆಪದಲ್ಲಿ ಇನ್ನೂ ನಾಲ್ಕು ಜನರ ಹೆಸರು ಹೇಳ್ತಾರೆ, ಅದಕ್ಕೆ ನಾಲ್ಕು ಪುಟ ಖಾಲಿ ಇಟ್ಕೊಂಡಿರಿ.